ಅಂಗೈಯೊಳಗಿನ ಫ್ಯೂಸು

ತಣ್ಣನೆಯ ಪಿಂಗಾಣಿ ಅಂಗೈಗೆ ತಾಕಿದರೆ ಸಾಕು, ಈಗಲೂ ನನ್ನ ಬೆರಳುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ನಮ್ಮ ಮನೆಯ ಫ್ಯೂಸ್ ಬೋರ್ಡು ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿತ್ತು. ಗೋಡೆ ತೇವ ಹಿಡಿದಿದ್ದರಿಂದ ಅದನ್ನು ನಡುಮನೆಗೆ ಸಾಗಿಸಲು ಚಿನಕುರಳಿಯಿಂದ ವೈರಿಂಗ್ ಶಿವಣ್ಣ ಬಂದಿದ್ದ. ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು, ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ನನ್ನ ಕೈಗಿಟ್ಟ.

"ಇದು ನಿನ್ ಕೈಲಿರೋಗಂಟ ನಾನ್ ಬದ್ಕಿರ್ತೀನಿ ಕಣವ್ವ. ಯಾರ್ ಕೇಳುದ್ರೂ ಕೊಡ್ಬ್ಯಾಡ."

ಎರಡೂ ಕೈಯಲ್ಲಿ ಅದುಮಿ ಹಿಡಿದೆ. ಅವ್ವ ಊಟಕ್ಕೆ ಕರೆದರೂ ಕದಲಲಿಲ್ಲ.

ಶಿವಣ್ಣ ಬೋರ್ಡು ಬಿಚ್ಚಿ ಒಂದೊಂದೇ ವೈರಿಗೆ ಟೆಸ್ಟರ್ ಇಟ್ಟು ನೋಡಿದ. ಮೂರರಲ್ಲಿ ಕರೆಂಟಿರಲಿಲ್ಲ. ನಾಲ್ಕನೆಯದಕ್ಕೆ ಬರಿಗೈ ಹಾಕಲು ಹೋದವನು, ಅದ್ಯಾಕೋ ತಡೆದು, ಅದಕ್ಕೂ ಟೆಸ್ಟರ್ ಇಟ್ಟ. ಟೆಸ್ಟರಿನೊಳಗೆ ಕೆಂಪು ದೀಪ ಹೊತ್ತಿತು.

ಅವನು ಗಕ್ಕನೆ ನನ್ನ ಕಡೆ ತಿರುಗಿದ. ನಾನು ಕೈ ಬಿಚ್ಚಿ ತೋರಿಸಿದೆ. ಫ್ಯೂಸು ಅಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿ.

"ನಾನ್ ಯಾರ್ಗೂ ಕೊಟ್ಟಿಲ್ಲ," ಎಂದು ಅತ್ತುಬಿಟ್ಟೆ.

ಶಿವಣ್ಣ ಆ ವೈರಿನ ಜಾಡು ಹಿಡಿದು ತೊಲೆಯವರೆಗೂ ನೋಡಿದ. "ಮೀಟ್ರು ತಪ್ಸಿ, ಮೇವು ಕತ್ರಿಸೋ ಮಿಷಿನ್ಗೆ ಎಳ್ದವ್ರೆ. ಫ್ಯೂಸ್ ಕಿತ್ರೂ ಇದು ಸಾಯಾಕಿಲ್ಲ. ಯಾರಣ್ಣ ಮಾಡ್ದೋರು?"

"ನಾನೇ ಕಣ್ಲಾ," ಅಂದ ಅಪ್ಪ. "ಯೋಳವಾ ಅಂತಿದ್ದೆ."

ಮಧ್ಯಾಹ್ನದಿಂದ ಶಿವಣ್ಣನ ಪಕ್ಕದಲ್ಲೇ ನಿಂತು, ಅವನ ಕೈ ಹೋದ ಕಡೆಗೆಲ್ಲ ಟಾರ್ಚು ಬಿಡುತ್ತಿದ್ದವನು ಅಪ್ಪನೇ.