ಯುರೋಪಿನ ಡ್ರಮ್ಮು

ಬಣ್ಣ ತೆಳುವಾಗಿಸಲು ಆಕೆ ತಯಾರಿಸುವ ಸಾಲ್ವೆಂಟ್ ಬೇಡವೆಂದು ಪೇಂಟ್ ಕಾರ್ಖಾನೆಯ ಖರೀದಿ ಮ್ಯಾನೇಜರು ಮೂರನೇ ಸಲವೂ ಹೇಳಿದರು. ಸ್ಯಾಂಪಲ್ ಬಾಟಲಿಯ ಮುಚ್ಚಳವನ್ನೂ ತೆಗೆದಿರಲಿಲ್ಲ.

"ನಮ್ಮ ಫ್ಯಾಕ್ಟರಿ ಇಲ್ಲೇ ಪಕ್ಕದ ಕ್ರಾಸಲ್ಲಿದೆ ಸಾರ್. ಒಂದ್ಸಲ ಟೆಸ್ಟ್ ಮಾಡ್ಸಿ ನೋಡಿ."

"ಪಕ್ಕದ ಕ್ರಾಸಿಂದು ಅಂತಾನೇ ಬೇಡ ಅಂದಿದ್ದು ಮೇಡಂ. ನಾವೀಗ ಯುರೋಪಿಂದ ತರಿಸ್ತಿದೀವಿ. ಬನ್ನಿ, ಮಾಲು ಅಂದ್ರೆ ಹೇಗಿರುತ್ತೆ ಅಂತ ನೋಡ್ಕೊಂಡು ಹೋಗಿ."

ಗೋದಾಮಿನಲ್ಲಿ ಹೊಸದಾಗಿ ಬಂದ ಎಂಬತ್ತು ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಇಷ್ಟು ಶುದ್ಧವಾದ ಮಾಲು ಈವರೆಗೆ ಬಂದೇ ಇರಲಿಲ್ಲವೆಂದು ಲ್ಯಾಬಿನವರು ಬರೆದುಕೊಟ್ಟಿದ್ದರಂತೆ. ಮ್ಯಾನೇಜರು ಎದುರಿಗಿದ್ದ ಡ್ರಮ್ಮನ್ನು, ಮಗನ ಬೆನ್ನು ತಟ್ಟುವಂತೆ, ಹೆಮ್ಮೆಯಿಂದ ತಟ್ಟಿದರು. ಸರಿಯಾಗಿ ಅಂಟಿಕೊಳ್ಳದಿದ್ದ ಯುರೋಪಿನ ಲೇಬಲ್ಲು ಕಳಚಿ ಬಿತ್ತು. ಅದರಡಿ ಕೆಂಪಗೆ ಏನೋ ಕಾಣಿಸಿತು.

"ಅಯ್ಯೋ, ತುಕ್ಕು ಹಿಡಿದುಬಿಟ್ಟಿದೆಯಲ್ಲ!"

ಆಕೆ ಬಗ್ಗಿ ನೋಡಿದರು.

"ತುಕ್ಕಲ್ಲ ಸಾರ್, ಕುಂಕುಮ. ನಮ್ಮ ಮಾಲು ಮೊದಲನೇ ಸಲ ಹಡಗು ಹತ್ತುತ್ತೆ ಅಂತ ಪೂಜೆ ಮಾಡಿ ನಾನೇ ಹಚ್ಚಿದ್ದು."