ದೊಡ್ಡದು ಮಾಡು

ನೂರಾ ಹದಿನೇಳು ಟ್ಯಾಬುಗಳ ಹಣೆಬರಹ ಬದಲಿಸಿದ ಆ ನಿರ್ಣಯವನ್ನು ಹಳಿಯಾಳದ ಬಸ್‌ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಸೇವಾ ಕೇಂದ್ರದಲ್ಲಿ, ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಇಬ್ಬರು ಸೇರಿ ಕೈಗೊಂಡರು. ನಿರ್ಣಯ ಒಂದು ಗುಂಡಿಗೆ ಹೆಸರಿಡುವುದರ ಕುರಿತಾಗಿತ್ತು.

ಒಬ್ಬರು ಅಂಗಡಿಯ ಒಡೆಯ ಬಸಲಿಂಗಯ್ಯ. ಇನ್ನೊಬ್ಬಳು ದಾಂಡೇಲಿಯಿಂದ ದಿನಾ ಬಸ್ಸಿಗೆ ಬರುವ ಆಪರೇಟರ್ ಸುಮಿತಾ. ಬಸಲಿಂಗಯ್ಯ ಬ್ರೌಸರಿನಲ್ಲಿ ಒಮ್ಮೆ ತೆರೆದ ಟ್ಯಾಬನ್ನು ಮುಚ್ಚುವವರಲ್ಲ. ಅವರ ಪಾಲಿಗೆ ಒಂದೊಂದು ಟ್ಯಾಬೂ ಒಬ್ಬ ಗಿರಾಕಿ. ಎಡದಿಂದ ನಾಲ್ಕನೆಯದು ಸಾಂಬ್ರಾಣಿ ಊರಿನ ಮಾಲವ್ವ, ಆಕೆಯ ಮಗ್ಗುಲಿಗೆ ಆಕೆಯೊಡನೆ ಮಾತು ಬಿಟ್ಟ ಮೈದುನ. ಟ್ಯಾಬುಗಳು ಸಣ್ಣಗಾಗುತ್ತ ಶಾವಿಗೆ ಎಳೆಯಷ್ಟಾಗಿದ್ದವು. ಕಂಪ್ಯೂಟರು ದಿನಕ್ಕೆ ಮೂರು ಸಲ ಸಮಾಧಿಸ್ಥಿತಿಗೆ ಹೋಗುತ್ತಿತ್ತು. ಸಾಕಾಗಿ ಸುಮಿತಾ ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಹಾಕಿದಳು. ಅದು ಟ್ಯಾಬುಗಳನ್ನು ಊರುವಾರು ಗುಂಪು ಮಾಡಿ, ತೇರಗಾಂವಕ್ಕೆ ಹಸಿರು, ಸಾಂಬ್ರಾಣಿಗೆ ಹಳದಿ ಬಣ್ಣ ಬಳಿಯಿತು. ಸಂಜೆ ಒಂದು ಗುಂಡಿ ಒತ್ತಿದರೆ ಎಲ್ಲವನ್ನೂ ಮುಚ್ಚಿ, ಯಾದಿ ಇಟ್ಟುಕೊಂಡು, ಮರುದಿನ ಮತ್ತೆ ತೆರೆದುಕೊಡುವ ಸೌಲಭ್ಯವೂ ಅದರಲ್ಲಿತ್ತು. ಗುಂಡಿಯ ಹೆಸರನ್ನು ನಾವೇ ಬರೆಯಬಹುದು. ಸುಮಿತಾ ‘ಎಲ್ಲಾ ಮುಚ್ಚು’ ಎಂದು ಬರೆದಳು.

“ಏ ಏ ಏ! ಮೊದಲ ಅಳಸು ಅದನ್ನ.”

“ಯಾಕ್ರಿ ಅಯ್ಯಾರ?”

“ನಂದು ಎಸ್‌ಟಿಡಿ ಬೂತ್ ಇದ್ದಾಗ, ಊಟಕ್ಕ ಹೋಗೂಮುಂದ ಇದ ಶಬ್ದ ಬರದು ಬೋರ್ಡ್ ಹಾಕಿದ್ದೆ. ಆರು ತಿಂಗಳದಾಗ ಬೂತ್ ಹೋತು.”

“ಅದು ಮೊಬೈಲ್ ಬಂದದ್ದಕ್ಕ ಹೋತರಿ.”

“ಮೊಬೈಲ್ ಯಾಕ ಬಂತು? ಹೇಳು ನೋಡೋಣ.”

ಸುಮಿತಾ ಬರೆದದ್ದನ್ನು ಅಳಿಸಿದಳು. “ಮತ್ತ ಏನ್ ಬರೀಲ್ರಿ?” ಎಂದಳು.

“ನಿಮ್ಮ ಮನ್ಯಾಗ ಹಿರ್ಯಾರು ದೀಪ ಆರಸು ಅಂತಾರೇನು? ದೀಪ ದೊಡ್ಡದು ಮಾಡು ಅಂತಾರ, ಹೌದಿಲ್ಲೋ? ಹಂಗ ಬರಿ.”

ಸುಮಿತಾ ಹಾಗೆಯೇ ಬರೆದಳು: ‘ದೊಡ್ಡದು ಮಾಡು’. “ಆದ್ರ ಅಯ್ಯಾರ, ಅರ್ಧಾ ತುಂಬಿದ ಅರ್ಜಿ ಇದ್ದಾಗ ಇದನ್ನ ಒತ್ತಬ್ಯಾಡ್ರಿ. ಪೇಜ್ ತಿರುಗಿ ಬರ್ತೈತಿ, ತುಂಬಿದ್ದು ಬರೂದಿಲ್ಲ.” ಬಸಲಿಂಗಯ್ಯ ಗಂಭೀರವಾಗಿ ತಲೆಯಾಡಿಸಿದರು. ಮರೆಯುವ ಸಂಗತಿಗಳಿಗೆಲ್ಲ ಅವರು ಗಂಭೀರವಾಗಿಯೇ ತಲೆಯಾಡಿಸುತ್ತಿದ್ದರು.

ಮಧ್ಯಾಹ್ನ ತೇರಗಾಂವದ ಕಾಶೆವ್ವ ಬಂದಳು. ರೇಶನ್ ಕಾರ್ಡಿನ ತಿದ್ದುಪಡಿಗೆ ಅಂದೇ ಕಡೆಯ ದಿನ, ಐದು ಗಂಟೆಯವರೆಗೆ. ಸುಮಿತಾ ಊಟಕ್ಕೆ ಹೋಗಿದ್ದಳು. ಬಸಲಿಂಗಯ್ಯ ಎರಡೇ ಬೆರಳಿನಲ್ಲಿ, ಸರ್ವರ್ ಬಂದಾಗ ಓಡುತ್ತ, ಹೋದಾಗ ಕಾಯುತ್ತ, ಒಂದು ತಾಸಿನಲ್ಲಿ ಅರ್ಜಿ ತುಂಬಿದರು. ಕಳಿಸುವುದೊಂದೇ ಉಳಿದಿತ್ತು.

“ತಡೀರಿ ಅಯ್ಯಾರ,” ಎಂದಳು ಕಾಶೆವ್ವ. “ಹ್ವಾದ ಸಲ ನೀವ ನನ್ನ ಕಾಶೆಪ್ಪ ಮಾಡಿ ಕಳಿಸೀರಿ. ರೇಶನ್ ಅಂಗಡ್ಯಾಂವ ನನ್ನ ನೋಡಿದ ಕೂಡ್ಲೆ, ಬರ್ರಿ ಯಜಮಾನ್ರ ಅಂತಾನ. ಈ ಸಲ ನಾ ಓದಿದ ಮ್ಯಾಲ ಒತ್ತೂದು.” ಆಕೆ ಪರದೆಗೆ ಮೂಗು ತಾಗಿಸಿದಳು. “ಕಾ… ಶೆ… ಮುಂದಿಂದು ವ್ವ ಏನು, ಪ್ಪ ಏನು?”

ಬಸಲಿಂಗಯ್ಯ ಚಾಳೀಸು ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಆ ಅಳತೆಯಲ್ಲಿ ವ್ವ ಮತ್ತು ಪ್ಪ ಅವಳಿಜವಳಿ.

“ವ್ವ ಇರಬೇಕ ಬಿಡು.”

“ಇರಬೇಕ ಅಂದ್ರ? ನನ್ನ ಹೆಸರೈತ್ರಿ ಅದು. ದೊಡ್ಡದು ಮಾಡ್ರಿ.”

ಎಲ್ಲಿ ದೊಡ್ಡದು ಮಾಡುವುದೆಂದು ಬಸಲಿಂಗಯ್ಯ ಹುಡುಕಿದರು. ಹೆಚ್ಚು ಹುಡುಕಬೇಕಾಗಲಿಲ್ಲ, ಮೇಲುಗಡೆಯೇ, ಅಚ್ಚ ಕನ್ನಡದಲ್ಲಿ, ಬರೆದಿತ್ತು. ಹುಡುಗಿ ಜಾಣೆ ಎಂದುಕೊಂಡು ಒತ್ತಿದರು.

ತೇರಗಾಂವ ಹೋಯಿತು. ಸಾಂಬ್ರಾಣಿ ಹೋಯಿತು. ಮಾಲವ್ವ ಮತ್ತು ಅವಳ ಮೈದುನ ಮೊದಲ ಬಾರಿಗೆ ಜೊತೆಯಾಗಿ ಹೋದರು. ಪರದೆಯ ತುಂಬ ಬಿಳುಪು.

“ದೊಡ್ಡದೇನೋ ಆತ್ರಿ,” ಎಂದಳು ಕಾಶೆವ್ವ. “ಹೆಸರೆಲ್ಲೈತಿ?”

ಸುಮಿತಾ ಊಟ ಮುಗಿಸಿ ಬಂದಾಗ ಬಸಲಿಂಗಯ್ಯ ಎರಡೂ ಕೈಯಲ್ಲಿ ಮೌಸ್ ಹಿಡಿದುಕೊಂಡು ಕೂತಿದ್ದರು.

“ಏನ್ ಒತ್ತಿದ್ರಿ ಅಯ್ಯಾರ?”

“ನೀ ಬರದದ್ದ.”

“ನೀವು ಬರಸಿದ್ದರಿ.”

ಯಾದಿಯಿಂದ ನೂರಾ ಹದಿನೇಳೂ ಟ್ಯಾಬುಗಳು ಬಣ್ಣಬಣ್ಣವಾಗಿ ಮರಳಿ ಬಂದವು. ಕಾಶೆವ್ವನದೂ ಬಂತು, ಚೌಕಗಳೆಲ್ಲ ಖಾಲಿ. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಈಗ ಸುಮಿತಾ ಟೈಪ್ ಮಾಡಲು ಕೂತಳು. ಮೊದಲು ಕೀಬೋರ್ಡಿನ ಎರಡು ಕೀಲಿ ಒತ್ತಿ ಪರದೆಯ ಅಕ್ಷರಗಳನ್ನು ಹೋಳಿಗೆಯಷ್ಟು ಅಗಲ ಮಾಡಿದಳು. ಕಾಶೆವ್ವ ಒಂದೊಂದರ ಮೇಲೂ ಬೆರಳಾಡಿಸಿ, “ಹೂಂ, ಇದು ನಾನ” ಎಂದು ಒಪ್ಪಿಗೆ ಕೊಟ್ಟಳು. ಆಮೇಲೆ ಬಸಲಿಂಗಯ್ಯನವರ ಕಡೆ ತಿರುಗಿದಳು.

“ಅಯ್ಯಾರ, ಖರೇ ಹೇಳ್ರಿ. ನೀವು ತುಂಬಿದ್ದರಾಗ ಏನಿತ್ತು? ವ್ವ ಏನು, ಪ್ಪ ಏನು?”

“ಅದು ಮುಚ್ಚಿ ಹೋತಲ್ಲ, ಬಿಡು.”

ಆ ಅಂಗಡಿಯಲ್ಲಿ ‘ಮುಚ್ಚು’ ಎಂಬ ಶಬ್ದ ಅವರ ಬಾಯಿಂದ ಬಂದದ್ದು ಅದೇ ಮೊದಲು. ಬಂದ ರೀತಿಯಲ್ಲಿ ಒಂದು ನಿರಾಳವೂ ಇತ್ತು.

ಅರ್ಜಿ ನಾಲ್ಕೂ ಐವತ್ತಕ್ಕೆ ಹೋಯಿತು. ಕಾಶೆವ್ವನದು ಮುಚ್ಚಿ, ಟ್ಯಾಬುಗಳು ನೂರಾ ಹದಿನಾರಾದವು.