ಬಟ್ಟೆಯ ಮೇಲೆ ಜಾಗವಿಲ್ಲದ ತುಂಡುಗಳು

ಎಂಜಿನ್ನಿನ ತಳದ ಎಣ್ಣೆಯಲ್ಲಿ ಬೆರಳಾಡಿಸಿದ ಸುಂಕಪ್ಪನಿಗೆ ಮೂರನೆಯ ತುಂಡೂ ಸಿಕ್ಕಿತು. ಹುಣಸೆ ಬೀಜದಷ್ಟು ಉಕ್ಕು. ಅವನು ಬಾಗಿಲ ಕಡೆ ನೋಡಿದ.

ತಗಡಿನ ಶೆಡ್ಡಿನ ಹೊರಗೆ, ಬೇವಿನ ನೆರಳಲ್ಲಿ, ಪೊಲೀಸ್ ಜಮೇದಾರ ಜಿಲಾನಿ ಪಾಷಾ ಬೀಡಿ ಸೇದುತ್ತಿದ್ದ. ಈ ಫಟಫಟಿ ಮೋಟಾರು ಸೈಕಲ್ಲು ಅವನ ಸವಾರಿಯದು. ಯುದ್ಧ ಮುಗಿದ ಮೇಲೆ ಸೈನ್ಯದವರು ಮಾರಿದ್ದು. ಕಲ್ಲು, ಹಳ್ಳ, ಕಚ್ಚಾ ದಾರಿ ಯಾವುದನ್ನೂ ಲೆಕ್ಕಿಸುವುದಿಲ್ಲ. ಠಾಣೆಗಿದ್ದ ಮೋಟಾರು ಗಾಡಿ ಅದೊಂದೇ. ಒಳಗೆ ಏನೋ ಕಟಕಟ ಅನ್ನುತ್ತದೆಂದು ಬೆಳಿಗ್ಗೆ ಜಮೇದಾರನೇ ತಳ್ಳಿಕೊಂಡು ಬಂದಿದ್ದ.

ಕಳೆದ ವಾರ ಇದೇ ಎಂಜಿನ್ನನ್ನು ಬಿಚ್ಚಿ ಜೋಡಿಸಿದವನು ಸುಂಕಪ್ಪ.

ಉಸ್ತಾದ್ ಮೀರಾಹುಸೇನ ಅವನಿಗೊಂದು ಪದ್ಧತಿ ಕಲಿಸಿದ್ದ. ಬಿಚ್ಚಿದ ಒಂದೊಂದನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಸುತ್ತ ಇದ್ದಿಲಿನ ಗೆರೆ ಎಳೆಯಬೇಕು. ಜೋಡಿಸಿದ ಮೇಲೆ ಗೆರೆಗಳೆಲ್ಲ ಖಾಲಿ ಇರಬೇಕು. ಆದರೆ ಕಳೆದ ವಾರ ಹೆಂಡತಿ ಶೇಖಮ್ಮ ಆ ಬಟ್ಟೆಯನ್ನು ಒಗೆದು ಹಾಕಿದ್ದಳು. ಅದು ಒಣಗುವವರೆಗೆ ಕಾಯದೆ ಅವನು ಸಾಮಾನನ್ನೆಲ್ಲ ಹಳೆಯ ಬಿದಿರ ಪುಟ್ಟಿಯಲ್ಲಿಟ್ಟುಕೊಂಡು ಕೆಲಸ ಮುಗಿಸಿದ್ದ. ಪುಟ್ಟಿಯ ತಳದಲ್ಲಿದ್ದ ಗುಜರಿಯೇ ಒಳಗೆ ಸೇರಿತೇ?

ಈಗ ಬಟ್ಟೆ ಹಾಸಿ ಮತ್ತೆ ಪರೀಕ್ಷಿಸಿದ. ಚಕ್ರದ ಹಲ್ಲುಗಳು ಪೂರ್ತಿ ಇದ್ದವು. ಬೇರಿಂಗಿನ ಗುಂಡುಗಳು ಪೂರ್ತಿ ಇದ್ದವು. ಯಾವುದೂ ಮುರಿದಿರಲಿಲ್ಲ. ಮೂರು ತುಂಡುಗಳಿಗೆ ಮಾತ್ರ ಬಟ್ಟೆಯ ಮೇಲೆ ಜಾಗವಿರಲಿಲ್ಲ. ಸಾಲದ್ದಕ್ಕೆ, ಎಣ್ಣೆ ಹಾಕುವ ತೂತಿನ ಬಿರಡೆ ಬರಿಗೈಗೇ ತಿರುಗಿ ಬಂದಿತ್ತು. ಪಾನಾ ಹಾಕಿ ಬಿಗಿ ಮಾಡುವುದನ್ನೂ ಮರೆತೆನೇ? ಹಾಗೆಂದೂ ಆಗಿರಲಿಲ್ಲ. ಆದರೆ ತನ್ನ ನೆನಪಿನ ಮೇಲೆ ಅವನಿಗೆ ಯಾವತ್ತೂ ಭರವಸೆ ಸಾಲದು.

ನಲವತ್ತೆಂಟರ ಬೇಸಿಗೆ ಅದು. ಅಣ್ಣ ಮೌನಪ್ಪ ದೇವದುರ್ಗದ ಹತ್ತಿರದ ಹಳ್ಳಿ ಗೂಗಲ್‌ನಲ್ಲಿ ನವಾಬರ ಸರ್ಕಾರ ನಿಷೇಧಿಸಿದ್ದ ಮೂರು ಬಣ್ಣದ ಬಾವುಟ ಹಾರಿಸಿದ ಸುದ್ದಿ ರಾಯಚೂರಿಗೂ ಮುಟ್ಟಿತ್ತು. ಅವನ ತಮ್ಮ ಸರ್ಕಾರಿ ಎಂಜಿನ್ನಿಗೆ ಉಕ್ಕು ಹಾಕಿದನೆಂದರೆ ಯಾರು ತಾನೇ ನಂಬುವುದಿಲ್ಲ? ಜೈಲಿಗೆ ಹೋದವರು ಹೇಗೆ ಹೊರಬರುತ್ತಿದ್ದರೆಂದು ಅವನು ಕಣ್ಣಾರೆ ಕಂಡಿದ್ದ.

ನೆರಳು ಬಿತ್ತು. ಸುಂಕಪ್ಪ ಮುಷ್ಟಿ ಬಿಗಿದ. ಜಮೇದಾರ ಬಾಗಿಲಲ್ಲಿ ನಿಂತಿದ್ದ.

"ನಿಮ್ಮಣ್ಣ ಇನ್ನೂ ಗೂಗಲ್‌ನಾಗೇ ಅದಾನೇನು?"

"ಹೌದ್ರಿ ಸಾಬ್."

"ಹುಷಾರ್ ಇರಂತ ಹೇಳು." ಜಮೇದಾರ ಬೀಡಿಯ ಬೂದಿ ಕೊಡವಿದ. "ದೇವದುರ್ಗಕ್ಕ ಒಂದು ಹುಕುಂ ಒಯ್ಯೂದು ಅದ. ನೀ ಅವಸರ ಮಾಡಬ್ಯಾಡ. ಚಂದಾಗಿ ಬಿಚ್ಚಿ ನೋಡು. ನಾಳಿ ಆದರೂ ನಡೀತದ."

ಚಂದಾಗಿ ಬಿಚ್ಚಿ ನೋಡು. ಸುಂಕಪ್ಪ ಆ ಮಾತನ್ನೇ ಮತ್ತೆ ಮತ್ತೆ ತಿರುವಿ ನೋಡಿದ. ಇವನಿಗೆ ಅನುಮಾನ ಬಂದಿದೆ. ನಾಳೆ ಇನ್ನೊಬ್ಬ ಮಿಸ್ತ್ರಿಯನ್ನು ಕರೆತಂದು ತೋರಿಸುತ್ತಾನೆ. ಅಷ್ಟರೊಳಗೆ ಗಾಡಿ ಹೊರಟುಹೋಗಬೇಕು.

ಜಮೇದಾರ ಮರಳಿ ಬೇವಿನ ಕಡೆ ನಡೆದದ್ದೇ ತಡ, ತುಂಡುಗಳು ದೋತರದ ಗಂಟಿಗೆ ಸೇರಿದವು. ಸುಂಕಪ್ಪ ನೀರು ಕೂಡ ಕುಡಿಯಲಿಲ್ಲ. ತೊಳೆದ, ಒರೆಸಿದ, ಜೋಡಿಸಿದ. ಒಂದೊಂದೇ ಗೆರೆ ಖಾಲಿಯಾಯಿತು. ಬಿರಡೆಯನ್ನು ಪಾನಾ ಹಾಕಿ ಎರಡೆರಡು ಸಲ ಬಿಗಿದ. ಮಧ್ಯಾಹ್ನದ ಹೊತ್ತಿಗೆ ಒಂದೇ ಒದೆತಕ್ಕೆ ಎಂಜಿನ್ ಎದ್ದಿತು. ಕಟಕಟ ಇರಲಿಲ್ಲ.

ಸದ್ದು ಕೇಳಿ ಎದುರಿನ ಠಾಣೆಯಿಂದ ಅಲ್ಲಿನ ಮೇಲಧಿಕಾರಿ ಅಮೀನ್ ಸಾಹೇಬರೇ ಹೊರಬಂದರು. ಒಳಗೆ ಏನಾಗಿತ್ತೆಂದು ಕೇಳಿದರು.

"ಏನಿಲ್ರಿ, ಹೊಲಸು ಕುಂತಿತ್ತು," ಅಂದ ಸುಂಕಪ್ಪ. ತುಂಡುಗಳ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ಸಾಹೇಬರು ಅವನ ಕೆಲಸ ಮೆಚ್ಚಿದರು. ಮೊಹರು ಹಾಕಿದ ಲಕೋಟೆಯನ್ನು ಜಮೇದಾರನ ಕೈಗಿತ್ತು, ಕೂಡಲೇ ದೇವದುರ್ಗಕ್ಕೆ ಮುಟ್ಟಿಸಬೇಕೆಂದರು. ಗೂಗಲ್‌ನ ಬಾವುಟದವರ ಕೈಗೆ ಸಂಜೆಯೊಳಗೆ ಹಗ್ಗ ಬಿದ್ದಿರಬೇಕೆಂದರು. ಒಳಗೆ ಹೋದರು.

ಸುಂಕಪ್ಪನ ಕೈ ದೋತರದ ಗಂಟಿಗೆ ಹೋಯಿತು.

ಜಮೇದಾರ ಗಾಡಿ ಹತ್ತಿದ. ಎಂಜಿನ್ ನೋಡುವವನಂತೆ ಬಗ್ಗಿ, ಸುಂಕಪ್ಪನ ಕಿವಿಯ ಹತ್ತಿರ ಬಂದ.

"ನಾ ಹಾಕಿದ್ದು ಮೂರೂ ತಗದೀಯೇನಪಾ? ಒಂದಾದರೂ ಬಿಡಬೇಕಿತ್ತು."